ಆಯುಧಪೂಜೆಯ ದಿನ ಕೆಟ್ಟ ಮೈಕು

ರಾಹುಲ್ ಕಿರುಚಿದ್ದು ಬೂಕನಕೆರೆಯ ಆ ಬೀದಿಗೆಲ್ಲ ಕೇಳಿತು. "ಇಂದೆ ನೋಡು ಬಾವ, ಇಂದೆ, ಗೋಡೌನ್ ಪಕ್ಕ ಇಬ್ರವ್ರೆ" ಎಂದು ಅವನು ಗಂಟಲು ಹರಿಯುವ ಹಾಗೆ ಕೂಗಿದಾಗ ಅಡುಗೆಮನೆಯಲ್ಲಿ ಒಬ್ಬಟ್ಟು ಬೇಯಿಸುತ್ತಿದ್ದ ಅಕ್ಕ ಸ್ನೇಹ ಬೆಚ್ಚಿಬಿದ್ದಳು. ಜಗಲಿಯ ಮೇಲೆ ತೂಕಡಿಸುತ್ತಿದ್ದ ಅಜ್ಜಿ ದ್ಯಾವಮ್ಮ ಎದ್ದು ಕೂತಳು. ಕೊಟ್ಟಿಗೆಯ ಹಸು ಕೂಡ ಮೇವು ಬಿಟ್ಟು ತಲೆಯೆತ್ತಿತು. ಕೇಳಬೇಕಾಗಿದ್ದವನಿಗೆ ಮಾತ್ರ ಒಂದಕ್ಷರ ಕೇಳಲಿಲ್ಲ.

ಕೇಳಬೇಕಾಗಿದ್ದವನು ರವೀಂದ್ರ. ಬೈಕಿನಲ್ಲಿ ಮುಕ್ಕಾಲು ಗಂಟೆಯಷ್ಟು ದೂರ, ಶ್ರೀರಂಗಪಟ್ಟಣದ ಮಗ್ಗುಲ ಬಾಬುರಾಯನಕೊಪ್ಪಲಿನಲ್ಲಿ, ಅವನೂ ಕಿವಿಗೆ ಹೆಡ್‌ಸೆಟ್ ಏರಿಸಿಕೊಂಡು ಫೋನಿನ ಮೇಲೆ ಬಾಗಿ ಕೂತಿದ್ದ. ಸ್ನೇಹಳಿಗೆ ಗೊತ್ತಾದ ಗಂಡು. ತಾಂಬೂಲ ಬದಲಾಯಿಸಿ ಎರಡು ತಿಂಗಳಾಗಿತ್ತು, ಕಾರ್ತಿಕದಲ್ಲಿ ಮದುವೆ. ಭಾವಮೈದ ಆಗುವವನೂ ಫೋನಿನಲ್ಲಿ ಗುಂಡಿನ ಕಾಳಗದ ಗೇಮ್ ಆಡುತ್ತಾನೆಂದು ಗೊತ್ತಾದದ್ದೇ ತಡ, ತನ್ನ ತಂಡಕ್ಕೆ ಸೇರಿಸಿಕೊಂಡಿದ್ದ. ರಾಹುಲನ ಕೆಲಸ ಒಂದೇ. ಎತ್ತರದಲ್ಲಿ ಅವಿತು ಮಲಗಿ, ಯಾರು ಯಾವ ಕಡೆಯಿಂದ ಬರುತ್ತಿದ್ದಾರೆಂದು ನೋಡಿ, ಬಾಯಲ್ಲಿ ಹೇಳುವುದು. ಯಾರೂ ಕಾಣದಿದ್ದರೆ ಬಾಯಿ ಬಿಡುವಂತಿಲ್ಲ. ಗುಂಡು ಹಾರಿಸುವುದು ಮಿಕ್ಕವರ ಕೆಲಸ. ಆ ನಂಬಿಕೆಯ ಮೇಲೆ ಆಟದೊಳಗೆ ರವೀಂದ್ರ ಬೆನ್ನು ತಿರುಗಿಸಿ ನಿಂತಿದ್ದ. ನಾಗಮಂಗಲದ ತಂಡದ ಇಬ್ಬರು ಹಿಂದಿನಿಂದ ಬಂದು ಅವನ ಬೆನ್ನನ್ನು ಜರಡಿ ಮಾಡಿಬಿಟ್ಟರು. ಮೈಸೂರಿನಲ್ಲಿ ನಡೆಯುವ ಫೈನಲ್ಲಿನ ವೇದಿಕೆಯಲ್ಲಿ ಆಡಬೇಕೆಂದು ಒಂದು ವರ್ಷದಿಂದ ಒದ್ದಾಡಿದ್ದೆಲ್ಲ ಮೂರು ಸೆಕೆಂಡಿನಲ್ಲಿ ಮಣ್ಣುಪಾಲಾಯಿತು.

ಆಮೇಲೆ ರಾಹುಲನ ಹೆಡ್‌ಸೆಟ್ಟಿನಿಂದ ಹೊರಟ ರವೀಂದ್ರನ ಬೈಗುಳ ಬಾಗಿಲಲ್ಲಿ ನಿಂತಿದ್ದ ಸ್ನೇಹಳಿಗೂ ಕೇಳಿಸಿತು. ಅವ್ವ ಅಕ್ಕ ಯಾರನ್ನೂ ಬಿಡಲಿಲ್ಲ ಪುಣ್ಯಾತ್ಮ. ಆ ಅಕ್ಕನೇ ತಾನು ಕಟ್ಟಿಕೊಳ್ಳುವವಳೆನ್ನುವುದೂ ಅವನಿಗೆ ಆ ಗಳಿಗೆಯಲ್ಲಿ ನೆನಪಿರಲಿಲ್ಲ. ನಾಗಮಂಗಲದ ತಂಡದಲ್ಲಿ ರಾಹುಲನ ಜೊತೆ ಐಟಿಐ ಓದಿದ ಮಹದೇವಸ್ವಾಮಿ ಎಂಬವನಿದ್ದ. ಅವನಿಗಾಗಿಯೇ ನೀನು ಬಾಯಿ ಮುಚ್ಚಿಕೊಂಡೆ, ಬೇಕೆಂದೇ ನನ್ನನ್ನು ಸಾಯಿಸಿದೆ ಎಂದು ರವೀಂದ್ರ ತೀರ್ಮಾನ ಮಾಡಿಯಾಗಿತ್ತು. ರಾಹುಲ್ ಇಲ್ಲ ಬಾವ, ಕೂಗಿದೆ ಬಾವ, ದೇವರಾಣೆ ಬಾವ ಎಂದು ಅಳುತ್ತಿದ್ದ. ಮೈಕು ಸತ್ತುಹೋಗಿತ್ತು. ಅವನ ಅಳುವೂ ಅತ್ತ ಕಡೆಗೆ ತಲುಪಲಿಲ್ಲ.

ಸ್ನೇಹಳ ಫೋನಿಗೆ ಒಂದು ವಾಯ್ಸ್ ಮೆಸೇಜು ಬಂತು. ಹಿನ್ನೆಲೆಯಲ್ಲಿ ಬೈಕು ಗುರುಗುಟ್ಟುತ್ತಿತ್ತು.

"ಬತ್ತಾವ್ನಿ. ನಿನ್ ತಮ್ಮನ್ನ ಮನೇಲೇ ಇರಕ್ಕೇಳು. ಎಲ್ಲಾರ ಓಡೋದ್ನೋ, ಇಡ್ದು ತುಳ್ದ್ಬುಡ್ತೀನಿ."

ಅವಳು ವಾಪಸು ಕರೆ ಮಾಡಿದಳು. ಒಂದು ಸಲವಲ್ಲ, ಆರು ಸಲ. ಎತ್ತಲಿಲ್ಲ.

ರವೀಂದ್ರನ ಕೋಪ ಅವಳಿಗೆ ಹೊಸದಲ್ಲ. ಎರಡು ತಿಂಗಳ ಹಿಂದೆ ಇಬ್ಬರೂ ಗಂಜಾಂನಲ್ಲಿ ನಿಮಿಷಾಂಬ ದೇವಿಯ ದರ್ಶನಕ್ಕೆ ಸಾಲಲ್ಲಿ ನಿಂತಿದ್ದಾಗ ಯಾರೋ ಒಬ್ಬ ಅವಳಿಗೆ ಮೈ ತಾಗಿಸಿಕೊಂಡು ಹೋಗಿದ್ದ. ತಾಗಿಸಿದನೋ, ನೂಕುನುಗ್ಗಲಿನಲ್ಲಿ ತಾಗಿತೋ, ಅವಳಿಗೇ ಗೊತ್ತಿರಲಿಲ್ಲ. ರವೀಂದ್ರ ಅವನನ್ನು ನದಿಯ ಮೆಟ್ಟಿಲಿಗೆ ಎಳೆದುಕೊಂಡು ಹೋಗಿ ಮೂಗು ಒಡೆದಿದ್ದ. ಆಗ, ನಿಜ ಹೇಳಬೇಕಲ್ಲ, ಅವಳಿಗೆ ಹೆಮ್ಮೆಯಾಗಿತ್ತು. ಕೆ.ಆರ್. ಪೇಟೆಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವ ಮೇಘನಳಿಗೆ ಅದನ್ನು ಎರಡೆರಡು ಸಲ ವರ್ಣಿಸಿ ಹೇಳಿದ್ದಳು. ತನಗಾಗಿ ಒಬ್ಬ ಇಷ್ಟು ಕೆರಳುತ್ತಾನೆ ಎಂದರೆ ಇನ್ನೇನು ಬೇಕು ಎಂದುಕೊಂಡಿದ್ದಳು, ಪೆದ್ದಿ.

ಈಗ ಆ ಕೈ ರಾಹುಲನ ಮುಖಕ್ಕೆ ಬರುತ್ತಿತ್ತು. ತಾಯಿ ಸತ್ತಾಗ ರಾಹುಲನಿಗೆ ಏಳು ವರ್ಷ, ಸ್ನೇಹಳಿಗೆ ಹನ್ನೊಂದು. ಅವನಿಗೆ ತಲೆ ಬಾಚಿ, ಅನ್ನ ಕಲಸಿ ತಿನ್ನಿಸಿ ದೊಡ್ಡವನನ್ನು ಮಾಡಿದವಳು ಅವಳು. ಹಾಗಂತ ಮದುವೆ ಮುರಿದುಹೋದರೆ? ರವೀಂದ್ರನನ್ನು ಅವಳೇ ಒಪ್ಪಿದ್ದಳು, ಇಷ್ಟಪಟ್ಟಿದ್ದಳು, ರಾತ್ರಿಯೆಲ್ಲ ಮಾತಾಡಿದ್ದಳು. ಎರಡೂ ಉಳಿಯಬೇಕಾದರೆ ಒಂದೇ ದಾರಿ. ಅವನು ಬರುವಷ್ಟರಲ್ಲಿ ಮೈಕು ಯಾಕೆ ಕೆಟ್ಟಿತೆಂದು ಕಂಡುಹಿಡಿದು ಅವನ ಕೈಗೆ ಕೊಡಬೇಕು. ಕಾರಣ ಸಿಕ್ಕರೆ ಅವನು ತಣ್ಣಗಾಗುತ್ತಾನೆ, ಅವನೇನು ರಾಕ್ಷಸನಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಒಲೆ ಆರಿಸಿ ಹೆಡ್‌ಸೆಟ್ ಕಿತ್ತುಕೊಂಡು ಬಂದು ಬೆಳಕಿಗೆ ಕೂತಳು. ಮೂರು ವರ್ಷದಿಂದ ಇದೇ ಕಸುಬು. ಮೊದಲು ವೈರಿನ ನಡುವೆ ಇರುವ ಮ್ಯೂಟ್ ಗುಂಡಿ ನೋಡಿದಳು, ಅದನ್ನು ಯಾರೂ ಒತ್ತಿರಲಿಲ್ಲ. ಪಿನ್ನು ಅರ್ಧ ಕೂತಿರಬಹುದೆಂದು ಫೋನಿಗೆ ಒತ್ತಿ ಚುಚ್ಚಿದಳು. ಕಿವಿಗೆ ಕೇಳುತ್ತದೆ, ಬಾಯಿಂದ ಹೋಗುವುದಿಲ್ಲ. ಗೇಮಿಗೆ ಮೈಕಿನ ಪರ್ಮಿಷನ್ ಹೋಗಿರಬಹುದು ಎಂದು ಸೆಟ್ಟಿಂಗ್ಸಿನಲ್ಲಿ ಹುಡುಕಿದಳು, ಸರಿಯಾಗಿಯೇ ಇತ್ತು. ತನ್ನ ಫೋನಿಗೆ ಹಾಕಿ ನೋಡಿದಳು. ಅಲ್ಲೂ ಅದೇ ಹಣೆಬರಹ. ಅಂದರೆ ತಪ್ಪು ಫೋನಿನದಲ್ಲ, ಹೆಡ್‌ಸೆಟ್ಟಿನದೇ. ಅಷ್ಟು ತಿಳಿಯುವ ಹೊತ್ತಿಗೆ ಇನ್ನೊಂದು ಮೆಸೇಜು ಬಂತು. ಪಾಂಡವಪುರ ದಾಟಿದೆ ಎಂದಷ್ಟೇ ಹೇಳಿದ್ದ.

ರಾಹುಲ್ ಗೋಡೆಗೆ ಒರಗಿ ಮಂಡಿ ತಬ್ಬಿ ಕೂತಿದ್ದ. ಹಿತ್ತಲಿಂದ ಓಡಿಹೋಗು, ತೋಟದಲ್ಲಿ ಅಪ್ಪನ ಹತ್ತಿರ ಇರು ಎಂದು ಅವಳು ಹೇಳಿದಳು. ಅಪ್ಪ ಚಿಕ್ಕಸ್ವಾಮಿ ಪಂಪ್‌ಸೆಟ್ಟಿಗೆ ಪೂಜೆ ಮಾಡಲು ಹೋದವನು ಇನ್ನೂ ಬಂದಿರಲಿಲ್ಲ. ರಾಹುಲ್ ತಲೆ ಅಲ್ಲಾಡಿಸಿದ. ಓಡಿದರೆ ತಪ್ಪು ಮಾಡಿದ್ದೇನೆ ಅಂತಲೇ ಆಗುತ್ತದೆ ಎಂದ. ಅವನ ಮಾತೂ ಸರಿಯೇ ಇತ್ತು.

ಸ್ನೇಹ ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿ ಮೈಕಿಗೆ ಬಾಯಿಟ್ಟು ಕೂಗಿದಳು. ವಾಪಸು ಕೇಳಿದರೆ ಬರೀ ಮೌನ. ಏನೋ ಹೊಳೆದು ಮೈಕಿನ ಕಡ್ಡಿಗೆ ಉಗುರಿನಿಂದ ಕುಟ್ಟಿದಳು. ಟಕ್ ಟಕ್ ಎಂದು ಚೆನ್ನಾಗಿ ದಾಖಲಾಯಿತು. ಅವಳ ಕಣ್ಣರಳಿತು. ವೈರು ತುಂಡಾಗಿಲ್ಲ, ಒಳಗಿನ ಮೈಕೂ ಜೀವಂತವಾಗಿದೆ, ಆದರೆ ಗಾಳಿ ಒಳಗೆ ಹೋಗುತ್ತಿಲ್ಲ. ಕಡ್ಡಿಯ ತುದಿಯ ಸ್ಪಂಜು ಎಂದೋ ಕಳೆದುಹೋಗಿತ್ತು. ಅಲ್ಲೊಂದು ಸಾಸಿವೆ ಕಾಳಿನಷ್ಟು ತೂತು. ಟಾರ್ಚು ಬಿಟ್ಟು ನೋಡಿದಳು. ತೂತಿನ ಒಳಗೆ ಕೆಂಪಗೆ ಏನೋ ಗಟ್ಟಿ ಕಟ್ಟಿಕೊಂಡಿತ್ತು.

ಕುಂಕುಮ.

ಬೆಳಿಗ್ಗೆ ಹನ್ನೊಂದಕ್ಕೆ ಅಜ್ಜಿ ಮನೆಯಲ್ಲಿರುವ ಕಬ್ಬಿಣ ಯಂತ್ರ ಎಲ್ಲವನ್ನೂ ಜಗಲಿಯಲ್ಲಿ ಸಾಲಾಗಿ ಇಟ್ಟಿದ್ದಳು. ಮಚ್ಚು, ಕುಡುಗೋಲು, ಗುದ್ದಲಿ, ಹಾಲು ಕರೆಯುವ ಯಂತ್ರ, ಮಿಕ್ಸಿ. ಮೊಮ್ಮಗನಿಗೆ ಬಹಳ ಬೇಕಾದದ್ದು ಎಂದು ಹೆಡ್‌ಸೆಟ್ಟನ್ನೂ ತಂದು ಇಟ್ಟು, ನೀರಲ್ಲಿ ಕಲಸಿದ ಅರಿಶಿನ ಕುಂಕುಮವನ್ನು ಒಂದೊಂದಕ್ಕೂ ಭಕ್ತಿಯಿಂದ ಹಚ್ಚಿದ್ದಳು. ಹೆಡ್‌ಸೆಟ್ಟಿಗೆ ಹಣೆ ಎಲ್ಲಿದೆ ಪಾಪ? ಮುಂದಕ್ಕೆ ಚಾಚಿಕೊಂಡಿದ್ದ ಕಡ್ಡಿಯ ತುದಿಗೇ ಇಟ್ಟಳು. ಆಟದ ಹೊತ್ತಾಯಿತೆಂದು ರಾಹುಲ್ ಅದನ್ನು ಪೂಜೆಯ ಸಾಲಿಂದ ಎತ್ತಿಕೊಂಡು ಹೋಗುವಾಗ ಅಜ್ಜಿ ಬೈದಿದ್ದಳು, ಇವತ್ತು ಅವನ್ನೆಲ್ಲ ಮುಟ್ಟಬಾರದು ಎಂದು. ಅವನು ಮೇಲೆ ಮೇಲೆ ಒರೆಸಿ ಕಿವಿಗೆ ಹಾಕಿಕೊಂಡಿದ್ದ. ಒಳಗೆ ಇಳಿದದ್ದು ಒಣಗಿ ಮೇಣದಂತೆ ಕೂತುಬಿಟ್ಟಿತ್ತು.

ಸ್ನೇಹ ಸೀರೆಪಿನ್ನು ತಂದು, ಒಳಗಿನ ಪೊರೆಗೆ ತಾಗದಂತೆ ಓರೆಯಾಗಿ ಹಿಡಿದು ಚೂರುಚೂರೇ ಕೆರೆದಳು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದಳು. ಪೇಪರಿನ ಮೇಲೆ ಕೆಂಪು ಪುಡಿ ಉದುರಿತು. ಕೊನೆಗೆ ಉಫ್ ಎಂದು ಜೋರಾಗಿ ಊದಿದಳು, ಪುಡಿಯೆಲ್ಲ ಹಾರಿಹೋಯಿತು. ಹಲೋ ಎಂದರೆ ಹಲೋ ಎಂದು ಸ್ಫಟಿಕದಂತೆ ವಾಪಸು ಕೇಳಿತು. ಅವಳು ತಮ್ಮನ ತಲೆ ಹಿಡಿದು ಅಲ್ಲಾಡಿಸಿ ನಕ್ಕಳು. ಅವನೂ ಕಣ್ಣೊರೆಸಿಕೊಂಡು ನಕ್ಕ. ಗೆದ್ದುಬಿಟ್ಟೆವು ಎಂದುಕೊಂಡರು ಇಬ್ಬರೂ.

ಬೈಕು ಅಂಗಳಕ್ಕೆ ನುಗ್ಗಿದ್ದು ಆಗಲೇ. ಹ್ಯಾಂಡಲಿಗೆ ಕಟ್ಟಿದ್ದ ಬಾಳೆಕಂದು ಗಾಳಿಗೆ ಸಿಕ್ಕಿ ಚಿಂದಿಯಾಗಿತ್ತು. ರವೀಂದ್ರ ಸ್ಟ್ಯಾಂಡ್ ಹಾಕಲಿಲ್ಲ, ಬೈಕನ್ನು ಹಾಗೇ ಕೆಡವಿ ಒಳಗೆ ಬಂದ. ಸ್ನೇಹ ಅಡ್ಡ ನಿಂತು ಕಾರಣ ಸಿಕ್ಕಿತೆಂದೂ, ಅಜ್ಜಿ ಹಚ್ಚಿದ ಕುಂಕುಮ ತೂತಿಗೆ ಹೋಗಿತ್ತೆಂದೂ, ಈಗ ತಾನೇ ಸರಿ ಮಾಡಿದೆನೆಂದೂ ಒಂದೇ ಉಸಿರಿನಲ್ಲಿ ಹೇಳಿದಳು. ಅವನು ಹೆಡ್‌ಸೆಟ್ ಕಿತ್ತುಕೊಂಡು ತನ್ನ ಫೋನಿಗೆ ಚುಚ್ಚಿದ. ಹಲೋ ಎಂದ. ಕೇಳಿಸಿಕೊಂಡ. ಇನ್ನೊಮ್ಮೆ ಹಲೋ ಎಂದ.

"ಚೆನ್ನಾಗೇ ಅದ್ಯಲ್ಲ. ಎಲ್ಲದೆ ಕುಂಕುಮ, ತೋರ್ಸು."

ಸ್ನೇಹ ಪೇಪರಿನ ಕಡೆ ನೋಡಿದಳು. ಅದರ ಮೇಲೆ ಏನೂ ಇರಲಿಲ್ಲ. ತಮ್ಮನ ಕಡೆಗಿದ್ದ ಒಂದೇ ಒಂದು ಸಾಕ್ಷಿಯನ್ನು ತಾನೇ ತನ್ನ ಕೈಯಾರೆ ಕೆರೆದು, ಬಾಯಾರೆ ಊದಿ ಕಳೆದಿದ್ದಳು.

"ಅಕ್ಕ ತಮ್ಮ ಸೇರ್ಕಂಡು ಕತೆ ಕಟ್ತೀರಾ" ಎಂದವನೇ ಅವಳನ್ನು ಪಕ್ಕಕ್ಕೆ ನೂಕಿ ಹೆಡ್‌ಸೆಟ್ಟನ್ನು ರಾಹುಲನ ಮುಖಕ್ಕೆ ಬೀಸಿದ. ಮೈಕಿನ ಕಡ್ಡಿ ಹುಬ್ಬಿನ ಮೇಲೆ ಸೀಳಿತು. ರಾಹುಲ್ ಕೈ ಅಡ್ಡ ತರುವ ಮೊದಲೇ ಎರಡನೆಯ ಏಟು ಬಿತ್ತು, ತಲೆಗೆ ಹಾಕುವ ಪಟ್ಟಿ ಲಟಕ್ಕೆಂದು ಮುರಿಯಿತು. ಮೂರನೆಯದು ಮುಷ್ಟಿ. ಹಲ್ಲು ಮುರಿದ ಸದ್ದು ಸ್ನೇಹಳಿಗೆ ಸ್ಪಷ್ಟವಾಗಿ ಕೇಳಿತು. ರಾಹುಲ್ ಕುಸಿದ. ಕುಸಿದವನ ಪಕ್ಕೆಗೆ ಬೂಟುಗಾಲಿನಲ್ಲಿ ಒದ್ದ, ಮತ್ತೆ ಅದೇ ಜಾಗಕ್ಕೆ ಒದ್ದ. ರಾಹುಲ್ ಕೈಲಾಗದವನೇನಲ್ಲ, ಹೊಲದಲ್ಲಿ ಕ್ವಿಂಟಾಲ್ ಮೂಟೆ ಎತ್ತುವವನು. ಆದರೂ ಒಂದು ಏಟು ತಿರುಗಿಸಲಿಲ್ಲ. ಮನೆಯ ಅಳಿಯನಾಗುವವನಿಗೆ ಕೈಯೆತ್ತುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಬಾವ, ಬಾವ ಎನ್ನುತ್ತಲೇ ಇದ್ದ, ಬಾಯಿಂದ ಮಾತಿನ ಜೊತೆ ರಕ್ತ ಬರುತ್ತಿತ್ತು.

ಸ್ನೇಹ ಬೆನ್ನಿಗೆ ಬಿದ್ದು ಅಂಗಿ ಹಿಡಿದು ಎಳೆದಳು. ಮೊಣಕೈಯಿಂದ ತಿವಿದ ರಭಸಕ್ಕೆ ಗೋಡೆಗೆ ಹೋಗಿ ಬಡಿದಳು. ಅವಳು ಏಳುವಷ್ಟರಲ್ಲಿ ಅವನು ರಾಹುಲನ ಕೂದಲು ಹಿಡಿದು ಜಗಲಿಗೆ ಎಳೆದುಕೊಂಡು ಹೋಗಿಯಾಗಿತ್ತು. ಪೂಜೆಯ ಸಾಲಿಂದ ಮಚ್ಚು ತೆಗೆದುಕೊಂಡ. ಅದರ ಮೇಲೆ ಇಟ್ಟಿದ್ದ ಚೆಂಡುಹೂವು ಕೆಳಗೆ ಬಿತ್ತು. ರಾಹುಲನ ಬಲಗೈಯನ್ನು ಹೊಸ್ತಿಲ ಮೇಲೆ ಒತ್ತಿ ಅದರ ಮೇಲೆ ಮಂಡಿಯೂರಿದ.

"ಯಾವ್ ಬೆಳ್ಳಲ್ಲಿ ಆಫ್ ಮಾಡ್ದೆ, ಏಳ್ಲಾ. ಆ ಒಂದ್ ಬೆಳ್ಳು ಕೊಟ್ಬುಡು ಸಾಕು."

ಹೆದರಿಸಲಿಕ್ಕೆ ಹಾಗಂದನೋ, ನಿಜವಾಗಿಯೂ ಬೆರಳು ಕತ್ತರಿಸುತ್ತಿದ್ದನೋ, ಅದನ್ನು ಕಾದು ನೋಡುವಷ್ಟು ತಾಳ್ಮೆ ಸ್ನೇಹಳಿಗಿರಲಿಲ್ಲ. ಮಚ್ಚು ಮೇಲೆ ಹೋದದ್ದನ್ನು ಕಂಡಳು, ಅಷ್ಟೇ. ಸಾಲಲ್ಲಿದ್ದ ಗುದ್ದಲಿಯನ್ನು ಎತ್ತಿ, ಮರದ ಕಾವಿನ ಕಡೆಯಿಂದ, ಇದ್ದಬದ್ದ ಬಲವೆಲ್ಲ ಹಾಕಿ ಅವನ ಮುಂಗೈ ಮೇಲೆ ಬಾರಿಸಿದಳು. ಮೂಳೆ ಮುರಿಯಿತು. ಮಚ್ಚು ಕಲ್ಲಿನ ಮೇಲೆ ಬಿದ್ದು ಠಣ್ಣೆಂದಿತು. ರವೀಂದ್ರ ಕೈ ಹಿಡಿದುಕೊಂಡು ಹಂದಿಯ ಹಾಗೆ ಅರಚಿದ. ಇನ್ನೊಂದು ಏಟಿಗೆ ಅವಳು ಗುದ್ದಲಿ ಎತ್ತಿಯೂ ಇದ್ದಳು. ಅಜ್ಜಿ ಅಡ್ಡ ಬರದಿದ್ದರೆ ಅದು ತಲೆಗೇ ಬೀಳುತ್ತಿತ್ತು.

ಅಜ್ಜಿಯ ಕೈಯಲ್ಲಿ ಕುಂಕುಮದ ಬಟ್ಟಲಿತ್ತು. "ನಾನೇ ಕಣಪ್ಪ ಅದ್ರ ತುದೀಗೆ ಕುಂಕ್ಮ ಇಟ್ಟವ್ಳು. ಅದೇ ಬಾಯಿ ಅಂತ ನಂಗೇನ್ ಗೊತ್ತು. ಒಡಿಯಂಗಿದ್ರೆ ನನ್ನೊಡಿ" ಎಂದಳು.

ಆಗ ಸ್ನೇಹಳಿಗೆ ಹೊಳೆಯಿತು. ಮೊದಲೇ ಯಾಕೆ ಹೊಳೆಯಲಿಲ್ಲವೋ ಎಂದು ಆಮೇಲೆ ತುಂಬ ದಿನ ತನ್ನನ್ನೇ ಶಪಿಸಿಕೊಂಡಳು. ಮುರಿದ ಹೆಡ್‌ಸೆಟ್ ಎತ್ತಿ ತನ್ನ ಫೋನಿಗೆ ಚುಚ್ಚಿ, ಹಲೋ ಎಂದು ಮೈಕು ಇನ್ನೂ ಕೆಲಸ ಮಾಡುತ್ತಿರುವುದನ್ನು ಅವನಿಗೆ ಕೇಳಿಸಿದಳು. ಆಮೇಲೆ ಬಟ್ಟಲಿಗೆ ಬೆರಳದ್ದಿ, ಮೈಕಿನ ತೂತಿಗೆ ಕುಂಕುಮ ಮೆತ್ತಿ, ಅವನ ಬಾಯಿಯ ಮುಂದೆ ಹಿಡಿದಳು. ಈಗ ಮಾತಾಡು ಎಂದಳು. ಅವನು ನರಳಿದ್ದೇ ಸಾಕಾಯಿತು. ರೆಕಾರ್ಡ್ ಮಾಡಿದ್ದನ್ನು ಅವನ ಕಿವಿಗೇ ಹಿಡಿದಳು. ಅವನ ಅಷ್ಟು ದೊಡ್ಡ ನರಳಾಟ ಅದರಲ್ಲಿ ಇರಲೇ ಇಲ್ಲ.

ರವೀಂದ್ರನ ಮುಖದ ಬಣ್ಣವೇ ಬದಲಾಯಿತು. ಹೊಸ್ತಿಲ ಬಳಿ ಬಿದ್ದಿದ್ದ ರಾಹುಲನನ್ನು ನೋಡಿದ, ಹೆಡ್‌ಸೆಟ್ ನೋಡಿದ, ಮತ್ತೆ ರಾಹುಲನನ್ನು ನೋಡಿದ. ಆಮೇಲೆ ಅತ್ತ. ಸುಳ್ಳಲ್ಲ, ನಿಜವಾಗಿಯೂ ಬಿಕ್ಕಿಬಿಕ್ಕಿ ಅತ್ತ. ಮುರಿದ ಕೈಯನ್ನು ಎದೆಗೊತ್ತಿಕೊಂಡು ಇನ್ನೊಂದು ಕೈಯಿಂದ ರಾಹುಲನ ತಲೆ ಸವರಿದ, ಅಜ್ಜಿಯ ಕಾಲಿಗೆ ಬಿದ್ದ. ತನ್ನದು ಹಾಳು ಕೋಪ, ಬಂದರೆ ಕಣ್ಣು ಕಾಣುವುದಿಲ್ಲ, ತಪ್ಪಾಯಿತು ಎಂದ. ಅಷ್ಟರಲ್ಲಿ ತೋಟದಿಂದ ಬಂದ ಚಿಕ್ಕಸ್ವಾಮಿ ಅಂಗಳದ ಬೈಕು, ಜಗಲಿಯ ರಕ್ತ, ಮಗಳ ಕೈಯ ಗುದ್ದಲಿ ನೋಡಿ ಕಲ್ಲಾಗಿ ನಿಂತ. ಅಜ್ಜಿ ನಡೆದದ್ದನ್ನೆಲ್ಲ ಹೇಳಿದಳು.

ಚಿಕ್ಕಸ್ವಾಮಿ ಕೆಟ್ಟವನಲ್ಲ, ಲೆಕ್ಕಾಚಾರದವನೂ ಅಲ್ಲ. ಆದರೆ ಊರೊಟ್ಟಿಗೆ ಹೇಳಿಯಾಗಿರುವ ಮದುವೆ ಅವನ ತಲೆಯ ಮೇಲಿತ್ತು. ಇಬ್ಬರಿಗೂ ಏಟಾಗಿದೆ, ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ, ನಡೆದದ್ದು ನಡೆದುಹೋಯಿತು, ಹೊರಗೆ ಬಾಯಿ ಬಿಡಬೇಡಿ ಎಂದ. ಯಾರ ತಪ್ಪೂ ಅಲ್ಲ, ಮೈಕಿನ ತಪ್ಪು ಎಂದ. ಅಜ್ಜಿ ಹೌದೆಂದು ತಲೆಯಾಡಿಸಿದಳು. ಬಾಯಿ ಊದಿಕೊಂಡಿದ್ದ ರಾಹುಲ್ ಕೂಡ ಬಿಡಕ್ಕ, ಬಾವನಿಗೆ ಗೊತ್ತಿರಲಿಲ್ಲ ಎಂದ. ರವೀಂದ್ರ ಕಣ್ಣೊರೆಸಿಕೊಂಡು, ಇದಕ್ಕಿಂತ ಒಳ್ಳೆಯ ಹೆಡ್‌ಸೆಟ್ ನಾನೇ ತಂದುಕೊಡುತ್ತೇನೆ ಕಣ್ಲಾ ಎಂದು ರಾಹುಲನಿಗೆ ಹೇಳಿದ. ಎಲ್ಲರ ಮುಖವೂ ಒಂದಿಷ್ಟು ಸಡಿಲವಾಯಿತು. ಇನ್ನು ಸ್ನೇಹ ಒಬ್ಬಳು ಹೂಂ ಎಂದರೆ ಮುಗಿಯಿತು.

ಹೂಂ ಎನ್ನಲು ಅವಳಿಗೂ ಆಸೆ ಇತ್ತು. ಯಾಕೆ ಸುಳ್ಳು ಹೇಳಬೇಕು? ಅಳುತ್ತಿದ್ದ ಅವನ ಮುಖ ನೋಡಿದರೆ ಈಗಲೂ ಅವಳ ಕರುಳು ಚುರುಕ್ಕೆನ್ನುತ್ತಿತ್ತು. ಗುದ್ದಲಿಯನ್ನು ಗೋಡೆಗೆ ಒರಗಿಸಿ ಬಂದು ಅವನ ಮುಂದೆ ಕೂತಳು.

"ಒಂದ್ ಮಾತ್ ಕೇಳ್ತೀನಿ ರವಿ. ಮೈಕು ಸರ್ಯಾಗೇ ಇತ್ತು, ಅವ್ನು ಬೇಕಂತ್ಲೇ ಸುಮ್ನಿದ್ದ ಅಂತ ಇಟ್ಕೊ. ಆಗ?"

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಮುಚ್ಚಿಡಬೇಕು ಎಂದೂ ತೋಚಲಿಲ್ಲ. ಇದರಲ್ಲಿ ಕೇಳುವುದೇನಿದೆ ಎಂಬಂತೆ ಚಿಕ್ಕಸ್ವಾಮಿಯ ಮುಖ ನೋಡಿ, ತಿರುಗಿ ಅವಳ ಮುಖ ನೋಡಿದ.

"ಬೇಕಂತ್ಲೇ ಮಾಡಿದ್ರೆ ಬುಡ್ತಿದ್ನಾ? ಕತ್ತರ್ಸ್ತಿದ್ದೆ."

ಸ್ನೇಹ ತಾಂಬೂಲದ ದಿನ ಅವನು ತೊಡಿಸಿದ್ದ ಉಂಗುರವನ್ನು ಬೆರಳಿನಿಂದ ತೆಗೆಯಲು ನೋಡಿದಳು, ಕೈ ಬೆವೆತು ಅದು ಗೆಣ್ಣಲ್ಲಿ ಸಿಕ್ಕಿಕೊಂಡಿತು. ಬಾಯಲ್ಲಿ ಕಚ್ಚಿ ಎಳೆದು ತೆಗೆದಳು. ಅವನ ಅಂಗಿಯ ಜೇಬಿಗೆ ಹಾಕಿ, ಎದ್ದು ಹೋಗು ಎಂದಳು. ಅವನು ಮೊದಲು ನಕ್ಕ, ಆಮೇಲೆ ಬೇಡಿದ, ಆಮೇಲೆ ಗಂಜಾಂನಲ್ಲಿ ನಿನಗಾಗಿ ಹೊಡೆದಾಗ ಈ ಬುದ್ಧಿ ಎಲ್ಲಿಗೆ ಹೋಗಿತ್ತು ಎಂದು ಕೇಳಿದ. ಆ ಮಾತು ಅವಳಿಗೆ ನಾಟಿತು. ಆಗ ಇರಲಿಲ್ಲ, ತಪ್ಪು ನನ್ನದೇ ಎಂದಳು. ಕೊನೆಗೆ ಅವನ ಕಣ್ಣು ಮತ್ತೆ ಕೆಂಪಾಯಿತು, ಎಡಗೈ ಮುಷ್ಟಿಯಾಯಿತು. ಆಗ ಚಿಕ್ಕಸ್ವಾಮಿಯೇ ಎದ್ದು ಇಬ್ಬರ ನಡುವೆ ನಿಂತ. ಮಗಳಿಗೆ ಬುದ್ಧಿ ಹೇಳಲೆಂದು ಎದ್ದವನು, ಆ ಮುಷ್ಟಿಯನ್ನು ಕಂಡ ಮೇಲೆ ಅಳಿಯನಾಗಬೇಕಿದ್ದವನ ಹೆಗಲು ಹಿಡಿದು ಅಂಗಳಕ್ಕೆ ದಾಟಿಸಿದ. ಒಂದೇ ಕೈಯಲ್ಲಿ ಬೈಕು ಎತ್ತಲಾರದೆ ಅವನು ಅದನ್ನು ಅಲ್ಲೇ ಬಿಟ್ಟು, ಬಸ್ ಸ್ಟಾಪಿನ ಕಡೆಗೆ ಬೈಯುತ್ತ ನಡೆದುಹೋದ.

ಸ್ನೇಹ ತಮ್ಮನ ಹುಬ್ಬಿಗೆ ಟವೆಲ್ ಕಟ್ಟಿ, ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕೆ.ಆರ್. ಪೇಟೆಯ ಆಸ್ಪತ್ರೆಗೆ ಹೊರಟಳು. ಕಾಲುವೆ ಏರಿಯ ಹತ್ತಿರ ಬಂದಾಗ ರಾಹುಲ್ ಅವಳ ಬೆನ್ನಿಗೆ ಹಣೆಯೊತ್ತಿ ಅಳತೊಡಗಿದ.

"ನನ್ ದೆಸೆಯಿಂದ ನಿನ್ ಮದ್ವೆ ಮುರ್ದೋಯ್ತಲ್ಲಕ್ಕ."

"ನಿಂಗೋಸ್ಕರ ಅಲ್ಲ ಕಣ್ಲಾ" ಎಂದಳು ಅವಳು. ಅವಳಿಗೂ ದುಃಖ ಒತ್ತಿ ಬರುತ್ತಿತ್ತು, ರಸ್ತೆ ಮಸುಕಾಗುತ್ತಿತ್ತು. "ತಪ್ಪು ನಂದಲ್ಲ ಅಂತ ದಿನಾ ಬೆಳಗಾದ್ರೆ ಅವ್ನಿಗೆ ಸಾಕ್ಷಿ ಕೊಟ್ಕಂಡು ಬಾಳಕ್ಕೆ ನಂಗಾಗಲ್ಲ. ಒಂದಿನ ಸಾಕ್ಷಿ ಸಿಗ್ದೋದ್ರೆ ಏನ್ಮಾಡ್ಲಿ?"

ಎದುರಿನಿಂದ ಕಬ್ಬಿನ ಲಾರಿ ಬರುತ್ತಿತ್ತು, ಅವಳು ಸ್ಕೂಟರನ್ನು ಪಕ್ಕಕ್ಕೆ ತೆಗೆದುಕೊಂಡು ಅದು ಹೋಗುವವರೆಗೆ ನಿಂತಳು.